ಕೌದಿಯ ಹೊಟ್ಟೆಯೂ ಪರದೇಶದ ಕಂಪನಿಯೂ

ನನ್ನ ಮೊಬೈಲಿನಲ್ಲಿ ಇದುವರೆಗೆ ಎಷ್ಟೋ ಕರಾರುಗಳಿಗೆ ‘ಒಪ್ಪಿದೆ’ ಎಂದು ಬೆರಳೊತ್ತಿದ್ದೇನೆ, ಒಂದನ್ನೂ ಓದಿಲ್ಲ. ಕಾನೂನು ಓದಿ ಕಾಲೇಜಿನಲ್ಲಿ ಪಾಠ ಹೇಳುವವಳು ಹೀಗೆ ಹೇಳಿಕೊಳ್ಳಬಾರದು. ಒಂದೆರಡನ್ನು ಓದಿದ ಹಾಗೆ ನೆನಪೇನೋ ಇದೆ. ಆದರೆ ನನ್ನ ನೆನಪು ನನ್ನ ಮಾನ ಕಾಯುವ ಕೆಲಸವನ್ನು ಅತಿ ನಿಷ್ಠೆಯಿಂದ ಮಾಡುತ್ತದೆ, ಆದ್ದರಿಂದ ನಂಬುವುದಿಲ್ಲ.

ಮುದ್ದೇಬಿಹಾಳದ ನಮ್ಮ ಓಣಿಯ ಹುಸೇನಬಿ ಅಕ್ಕ ಕೌದಿ ಹೊಲಿಯುತ್ತಾರೆ. ಹಳೆ ಸೀರೆ, ಧೋತರಗಳ ತುಂಡು ಜೋಡಿಸಿದ ಹೊದಿಕೆ ಮುಗಿಯುವಾಗ ಕೊನೆಯ ಮೂಲೆಯೊಳಗೆ ಒಂದು ಚೂರು ಒಣ ರೊಟ್ಟಿ ಇಟ್ಟು ಹೊಲಿಗೆ ಹಾಕುತ್ತಾರೆ. ಕೌದಿಯ ಹೊಟ್ಟೆ ಖಾಲಿ ಇದ್ದರೆ ಹೊದ್ದವರಿಗೆ ನಿದ್ದೆ ಹತ್ತುವುದಿಲ್ಲವಂತೆ. ತವರೂರು ಯಂಕಂಚಿಯಲ್ಲಿ ಅವರ ತಾಯಿಯೂ ಹಾಗೇ ಮಾಡುತ್ತಿದ್ದರು. ಪರದೇಶದ ಒಂದು ಕಂಪನಿಯ ಆ್ಯಪಿನಲ್ಲಿ ಅಕ್ಕನಿಗೊಂದು ಅಂಗಡಿ ಪುಟವಿದೆ. ಇಂಡಿ, ಸಿಂದಗಿ, ಬಸವನ ಬಾಗೇವಾಡಿ ದಾಟಿ ಗುರುತಿಲ್ಲದ ಊರುಗಳಿಂದ ಗಿರಾಕಿಗಳು ಬಂದದ್ದು ಅದರಿಂದಲೇ. ಕೌದಿಯ ವಿವರ ಟೈಪು ಮಾಡಿದವಳು ನಾನು, ಹೇಳಿದವರು ಅವರು. ರೊಟ್ಟಿಯ ಮಾತನ್ನೂ ಬಿಡದೆ ಬರೆಸಿದರು, ಕೊಳ್ಳುವವರಿಗೆ ಗೊತ್ತಿರಬೇಕಲ್ಲ.

ಒಂದು ಬೆಳಿಗ್ಗೆ ಪುಟವೇ ಮಾಯ. ಪರವಾನಗಿ ಇಲ್ಲದೆ ಆಹಾರ ಮಾರುವುದು ನಮ್ಮ ನಿಯಮಕ್ಕೆ ವಿರುದ್ಧ ಎಂದು ಎರಡೇ ಸಾಲು. ಗಿರಾಕಿಗಳ ಹೆಸರು, ವಿಳಾಸ, ಅವರು ಬರೆದ ಒಳ್ಳೆಯ ಮಾತು ಎಲ್ಲ ಒಳಗೇ ಉಳಿದವು. ಪುಟ ಮರಳದಿದ್ದರೆ ಅಕ್ಕ ಮತ್ತೆ ಓಣಿಗಷ್ಟೇ ಹೊಲಿಯಬೇಕು. ಓಣಿಯಲ್ಲೋ, ಆಗಲೇ ಮಲಗುವವರಿಗಿಂತ ಕೌದಿಗಳು ಹೆಚ್ಚು.

“ಬಾಯಾರ, ನೀವು ಕಾಯ್ದೆ ಓದೀರಿ. ಅವರು ನಮ್ಮ ಕಾಯ್ದೆ ಕೇಳ್ತಾರೋ, ನಾವ ಅವರದು ಕೇಳಬೇಕೋ?”

ಪಾಠ ಹೇಳುವವಳಾದ್ದರಿಂದ ಅಕ್ಕನಿಗೆ ನಾನು ‘ಬಾಯಾರು’. ಕಂಪನಿಯವರೇ ಕೇಳಬೇಕು ಎಂದೆ. ಎಲ್ಲಿ ವ್ಯಾಪಾರವೋ ಅಲ್ಲಿಯ ಕಾನೂನು. ಆದಿಲಶಾಹಿ ಕಾಲದಲ್ಲಿ ಸಮುದ್ರ ದಾಟಿ ಬಂದ ಕುದುರೆ ವ್ಯಾಪಾರಿಯೂ ಇಲ್ಲಿಯ ಪೇಟೆಯ ಕಟ್ಟಳೆಗೆ ತಲೆಬಾಗಿದ್ದ ಎಂದೂ ಸೇರಿಸಿದೆ. ಇದನ್ನು ಎಲ್ಲೋ ಓದಿದ್ದೆನೋ, ಆ ಗಳಿಗೆಯಲ್ಲಿ ಹುಟ್ಟಿಸಿದೆನೋ, ಇವತ್ತಿಗೂ ತಿಳಿಯದು. ಅಂದಿನ ದಿನಚರಿಯಲ್ಲಿ ಮಾತ್ರ ಬಹಳ ಖಚಿತವಾಗಿ ಬರೆದಿದ್ದೇನೆ, ಕುದುರೆಯ ಬಣ್ಣದ ಸಮೇತ.

ಪೇಟೆಯ ವ್ಯಾಪಾರಿಯನ್ನಾದರೆ ತಡೆದು ಕೇಳಬಹುದು. ಈ ಕಂಪನಿಗೆ ಕಟ್ಟೆಯಿಲ್ಲ, ಬಾಗಿಲಿಲ್ಲ. ಆದರೆ ಇಂಥ ದೊಡ್ಡ ಕಂಪನಿಗಳು ದೂರು ಕೇಳಲು ಈ ದೇಶದಲ್ಲೇ ಇರುವ ಒಬ್ಬ ಅಧಿಕಾರಿಯನ್ನು ಇಡಬೇಕೆಂದು ನಮ್ಮಲ್ಲಿ ನಿಯಮವಿದೆ. ಅವರಿಗೆ ಬರೆದೆವು. ಕೆಲವು ದಿನಗಳಲ್ಲಿ ಆ ಕಚೇರಿಯಿಂದ ಒಬ್ಬರು ಫೋನ್ ಮಾಡಿದರು, ಕನ್ನಡದಲ್ಲೇ. ರೊಟ್ಟಿಯ ಸಾಲು ತೆಗೆಯಿರಿ, ಇಲ್ಲವೇ ರೊಟ್ಟಿ ಇಡುವುದನ್ನೇ ಬಿಡಿ, ಪುಟ ಕೊಡುತ್ತೇವೆ ಎಂದರು. ನಾನಾಗಿದ್ದರೆ ಅಲ್ಲೇ ಒಪ್ಪಿಬಿಡುತ್ತಿದ್ದೆ. ಅಕ್ಕ ನನ್ನ ಕೈಯಿಂದ ಫೋನ್ ತೆಗೆದುಕೊಂಡರು.

“ಸಾಹೇಬ್ರ, ರೊಟ್ಟಿ ತಿನ್ನಾಕ ಇಟ್ಟಿಲ್ರಿ, ಕೌದಿಗೆ ಇಟ್ಟೇನಿ. ಹೇಳಲಾರದ ಮಾರಿದ್ರ ಕೊಂಡವರಿಗೆ ಮೋಸ. ಇಡಲಾರದ ಮಾರಿದ್ರ ಕೌದಿಗೆ ಮೋಸ. ನಿಮ್ಮ ಕಾಯ್ದೆದಾಗ ಯಾವ ಮೋಸ ನಡೀತೈತಿ ಹೇಳ್ರಿ, ಅದನ್ನ ಮಾಡ್ತೇನಿ.”

ಆ ಕಡೆಯವರು ಮೇಲಿನವರನ್ನು ಕೇಳುತ್ತೇನೆ ಎಂದರು.

ಮುಂದಿನ ವಾರ ಪುಟ ಮರಳಿತು. ಗಿರಾಕಿಗಳು, ವಿಳಾಸಗಳು, ರೊಟ್ಟಿಯ ಸಾಲು, ಎಲ್ಲ ಇದ್ದವು. ಜೊತೆಗೆ ಪ್ರತಿ ಕೌದಿಯ ಚಿತ್ರದ ಮೇಲೂ ಒಂದು ಹಸಿರು ಚುಕ್ಕೆ, ಬಿಸ್ಕೀಟಿನ ಪೊಟ್ಟಣದ ಮೇಲೆ ಇರುತ್ತದಲ್ಲ, ಅದೇ. ಈ ದೇಶದಲ್ಲಿ ಪೊಟ್ಟಣದ ತಿನಿಸು ಸಸ್ಯಾಹಾರವೋ ಅಲ್ಲವೋ ಎಂದು ತಿಳಿಸುವುದು ಕಡ್ಡಾಯ. ಕಂಪನಿ ನಮ್ಮ ಕಾನೂನನ್ನು ಚಾಚೂ ತಪ್ಪದೆ ಪಾಲಿಸಿತ್ತು. ಪರದೇಶದವರು ನಮ್ಮ ಕಾನೂನಿಗೆ ತಲೆಬಾಗಬೇಕೆಂದು ವಾದಿಸುವಾಗ, ಬಾಗಿಯೇಬಿಟ್ಟರೆ ಹೇಗಿರುತ್ತದೆಂದು ನಾನು ಯೋಚಿಸಿರಲಿಲ್ಲ.

ಇದನ್ನು ತೆಗೆಸಲು ಇನ್ನೊಂದು ದೂರು ಬರೆಯಲೇ ಎಂದು ಕೇಳಿದೆ. ಅಕ್ಕ ಕನ್ನಡಕ ಏರಿಸಿಕೊಂಡು ಚುಕ್ಕೆಯನ್ನು ಚೆನ್ನಾಗಿ ನೋಡಿದರು.

“ಇರ್ಲಿ ಬಿಡ್ರಿ ಬಾಯಾರ. ಜ್ವಾಳದ ರೊಟ್ಟಿ ಐತಿ. ಖರೇನ ಹಾಕ್ಯಾರ.”