ಒಳಗೆ ಮಡಚಿಟ್ಟ ಬಟ್ಟೆ

ಟೈಲರಮ್ಮ ಉಪವಾಸ ಮಾಡಿ ತೂಕ ಇಳಿಸಿದಾಗಲೆಲ್ಲ ಅದು ಬಡ್ಡಿ ಸಮೇತ ಮರಳುತ್ತಿತ್ತು. ಅದಕ್ಕೇ ತನ್ನ ಅಂಗಿಗಳನ್ನು ಬಿಗಿ ಮಾಡುವಾಗ ಹೆಚ್ಚಿನ ಬಟ್ಟೆಯನ್ನು ಕತ್ತರಿಸದೆ ಒಳಗೇ ಮಡಚಿ ಹೊಲಿಯುತ್ತಿದ್ದಳು.

ಈ ಸಲ ವ್ಯಾಯಾಮ ಕಲಿಸುವ ಹುಡುಗಿಯೊಬ್ಬಳು ಉಪವಾಸ ಬಿಡಿಸಿದಳು. ಹೊಟ್ಟೆ ತುಂಬ ತರಕಾರಿ, ಬೆಳಿಗ್ಗೆ ನಡಿಗೆ, ನಡುನಡುವೆ ಹೊಲಿಗೆ ಮಿಷಿನ್ನಿನಿಂದ ಏಳುವುದು, ಇಷ್ಟೇ. ಕೆಲಸದ ಒತ್ತಡದಲ್ಲಿ ನಡಿಗೆ ತಪ್ಪಿದರೂ ಬೈಯದೆ, "ನಾಳೆ ಬನ್ನಿ ಅಮ್ಮಾ, ಜೊತೆಗೇ ನಡೆಯೋಣ" ಎನ್ನುತ್ತಿದ್ದಳು. ವರ್ಷ ಕಳೆದರೂ ಇಳಿದ ತೂಕ ಮರಳಲಿಲ್ಲ.

ಇಂದು ಟೈಲರಮ್ಮ ಅಂಗಿಯೊಳಗಿನ ಆ ದಪ್ಪ ಮಡಿಕೆಗೆ ಕತ್ತರಿ ಇಟ್ಟಾಗ ತಂಗಿ ಗಾಬರಿಯಾದಳು.

"ಅಯ್ಯೋ ಅಕ್ಕಾ, ಮತ್ತೆ ಊದಿದ್ರೆ ಏನ್ ಹಾಕ್ಕೋತೀಯ?"

"ನಿನ್ನ ಅಂಗಿ ಇದ್ಯಲ್ಲೇ, ಇಬ್ರೂ ಒಟ್ಟಿಗೇ ತೂರ್ಕೋಬಹುದು!"

ತಂಗಿ ಮುನಿಸಿಕೊಳ್ಳುವಷ್ಟರಲ್ಲಿ ಕತ್ತರಿ ಮಡಿಕೆಯ ಆ ತುದಿ ಮುಟ್ಟಿತ್ತು.