ಮಗ್ಗದ ಮನೆಯ ಎಲೆಬಳ್ಳಿ

ಆಗೆಲ್ಲ ಮೊಳಕಾಲ್ಮೂರಿನ ನಮ್ಮ ಬೀದಿಯಲ್ಲಿ ಗುಣಿಮಗ್ಗವಿಲ್ಲದ ಮನೆ ಇರಲಿಲ್ಲ. ಬೆಳಿಗ್ಗೆ ಅಪ್ಪ ನೆಲದ ಗುಣಿಯೊಳಗೆ ಕಾಲು ಇಳಿಬಿಟ್ಟು ಮಗ್ಗಕ್ಕೆ ಕೂತರೆ ಮಧ್ಯಾಹ್ನದ ಮುದ್ದೆಗೇ ಏಳುತ್ತಿದ್ದುದು. ರೇಷ್ಮೆ ಎಳೆ ಒಣಗಿ ಹರಿಯಬಾರದೆಂದು ಅವ್ವ ಆ ಕೋಣೆಯ ಮಣ್ಣುನೆಲಕ್ಕೆ ನೀರು ಚಿಮುಕಿಸಿ, ಕಿಟಕಿಗೆ ಒದ್ದೆ ಗೋಣಿತಾಟು ಕಟ್ಟುತ್ತಿದ್ದಳು. ಶಾಲೆಯಿಂದ ಬಂದು ಒಳಗೆ ಕಾಲಿಟ್ಟರೆ ಹಸಿ ಮಣ್ಣು, ಹೊಸ ರೇಷ್ಮೆ, ಮಗ್ಗಕ್ಕೆ ಹಚ್ಚಿದ ಎಣ್ಣೆ ಎಲ್ಲ ಬೆರೆತ ತಂಪು ವಾಸನೆ. ಕಂಡಿಕೆಗೆ ನೂಲು ಸುತ್ತುವ ನೆಪದಲ್ಲಿ ನಾನೂ ತಮ್ಮನೂ ಅಲ್ಲೇ ಕೂತು, ಹುರಿದ ಶೇಂಗಾ ಬೆಲ್ಲ ಮೆಲ್ಲುತ್ತ ಚೌಕಾಬಾರ ಆಡುತ್ತಿದ್ದೆವು.

ನಾನು ಐದನೇ ಕ್ಲಾಸಿನಲ್ಲಿದ್ದ ವರ್ಷ, ಸಂಕ್ರಾಂತಿ ಕಳೆದ ಮೇಲೆ, ಅವ್ವನ ಅವ್ವ ರಾಯದುರ್ಗದ ಕಡೆಯಿಂದ ಬಂದಳು. ಕಣ್ಣಿನ ಆಪರೇಷನ್ ಆಗಿತ್ತು, ಮಗಳ ಮನೆಯಲ್ಲಿ ಸುಧಾರಿಸಿಕೊಳ್ಳಲಿ ಎಂದು ಮಾವ ಬಿಟ್ಟುಹೋಗಿದ್ದ. ಅಜ್ಜಿಗೆ ಎರಡು ಕಷ್ಟಗಳಿದ್ದವು. ಒಂದು, ಅಳಿಯನ ಎದುರು ಬರಬಾರದು, ಮಾತಾಡಬಾರದು ಎನ್ನುವ ಹಳೇ ಪದ್ಧತಿ. ಅಪ್ಪ ಹೊರಗೆ ಬಂದರೆ ಅವಳು ಬಾಗಿಲ ಹಿಂದೆ ಸರಿಯುತ್ತಿದ್ದಳು. ಇನ್ನೊಂದು ಎಲೆ. ಊರಲ್ಲಿ ಅವಳ ಬಾವಿಯ ಪಕ್ಕ ವೀಳ್ಯದೆಲೆಯ ಬಳ್ಳಿಯಿತ್ತು. ನಮ್ಮ ಸಂತೆಯ ಎಲೆ ಬಾಯಿಗೆ ಹಾಕಿದ ಕೂಡಲೇ ಮುಖ ಕಿವುಚಿ, ತನ್ನ ತೆಲುಗಿನಲ್ಲಿ "ಇದಿ ಆಕು ಕಾದು, ತೋಲು" ಅನ್ನುತ್ತಿದ್ದಳು. ಎಲೆಯಲ್ಲ, ಚರ್ಮ ಅಂತ.

"ಯುಗಾದಿ ಮುಗಿದ ಮ್ಯಾಲೆ ನನ್ನ ಬಸ್ ಹತ್ತಿಸಿಬಿಡು" ಎಂದು ದಿನಾ ಅವ್ವನಿಗೆ ಹೇಳುವಳು. ಅವ್ವನಿಗೋ, ಮದುವೆಯಾದ ಮೇಲೆ ಮೊದಲ ಸಲ ಜೊತೆಗಿರಲು ಸಿಕ್ಕ ಅವ್ವ. ಬಿಡುವ ಮನಸ್ಸಿರಲಿಲ್ಲ. ಮಾವನಿಗೆ ಹೇಳಿಕಳಿಸಿ, ಅದೇ ಬಾವಿಕಟ್ಟೆಯ ಬಳ್ಳಿಯ ತುಂಡುಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತರಿಸಿದಳು.

ಮೊದಲನೆಯದನ್ನು ಮುಂಬಾಗಿಲ ಡಬ್ಬಿಯಲ್ಲಿ ನೆಟ್ಟಳು, ಪಕ್ಕದ ಮನೆಯ ಮೇಕೆ ತಿಂದಿತು. ಬಚ್ಚಲ ಹಿಂದೆ ನೆಟ್ಟದ್ದು ಸೋಪಿನ ನೀರಿಗೆ ಕೊಳೆಯಿತು. ಬೇವಿನ ನೆರಳಲ್ಲಿಟ್ಟದ್ದನ್ನು ನಮ್ಮೂರಿನ ಬಿಸಿಗಾಳಿ ಹಪ್ಪಳ ಮಾಡಿತು. ಕೊನೆಗೆ ಉಳಿದದ್ದು ಒಂದೇ ಗೆಣ್ಣಿನ ತುಂಡು. ಅಪ್ಪ ಸೀರೆ ಕೊಡಲು ಹೋಗಿದ್ದಾಗ ಅವ್ವ ಅದನ್ನು ಹಳೇ ಪೇಂಟ್ ಡಬ್ಬಿಯಲ್ಲಿ ನೆಟ್ಟು ಮಗ್ಗದ ಮನೆಯ ಮೂಲೆಗಿಟ್ಟಳು.

ಬಂದ ಅಪ್ಪ ಅದನ್ನು ನೋಡಿ, "ಏನೇ ಇದು? ಮಗ್ಗದ ಮನೆ ಏನು ತೋಟನಾ?" ಅಂದ.

"ನಾಕ್ ದಿನ ಇರ್ಲಿ ಬಿಡ್ರಿ. ಹೆಂಗೂ ಬದುಕಂಗಿಲ್ಲ ಅದು."

ಬದುಕಿತು. ಯುಗಾದಿಯ ಹೊತ್ತಿಗೆ ಗೆಣ್ಣಿನಿಂದ ಭತ್ತದಷ್ಟು ಹಸಿರು ಮೂಡಿತು. ಮೊದಲು ಕಂಡವನು ಅಪ್ಪನೇ. ನಾವು ಕೂಗುತ್ತ ಹೋಗಿ ಹೇಳಿದಾಗ ಅಜ್ಜಿ ಬಾಗಿಲ ಹಿಂದೆಯೇ ನಿಂತು, "ನಿಜಂಗಾ ಚಿಗುರು ವಚ್ಚಿಂದಾ? ಮೀ ನಾಯನ್ನಿ ಅಡುಗು" ಅಂದಳು. ನಿಜವಾಗಲೂ ಚಿಗುರು ಬಂತಾ, ನಿಮ್ಮಪ್ಪನನ್ನೇ ಕೇಳು ಅಂತ.

"ಬಂದೈತೆ ಅಂತ ಹೇಳಮ್ಮ ನಿಮ್ಮಜ್ಜಿಗೆ" ಎಂದು ಅಪ್ಪ ಒಳಗಿನಿಂದಲೇ ಹೇಳಿದ. ಇಬ್ಬರಿಗೂ ಎಲ್ಲ ಕೇಳಿಸುತ್ತಿತ್ತು, ಆದರೂ ನಾನು ಓಡಾಡಿ ಹೇಳಲೇಬೇಕಿತ್ತು. ಅಂದಿನಿಂದ ಬಸ್ಸಿನ ಮಾತು ನಿಂತಿತು. "ಎಲೆ ತಿಂದೇ ಹೋಗ್ತೀನಿ" ಅಂದಳು ಅಜ್ಜಿ.

ಬಳ್ಳಿ ಮಗ್ಗದ ಕಂಬ ಹಿಡಿದು ಏರಿತು. ಆಷಾಢದಲ್ಲಿ ಒಂದು ಬೆಳಿಗ್ಗೆ ನೋಡಿದರೆ ಅದರ ತುದಿ, ಸೀರೆಗೆ ಹೂ ಮೂಡಿಸುವ ಜಕಾರ್ಡಿನ ಹಗ್ಗಕ್ಕೆ ಸುತ್ತಿಕೊಂಡಿತ್ತು. ಮಗ್ಗದ ಮೇಲೆ ಮದುವೆಯ ಧಾರೆ ಸೀರೆ. ಕಾಲು ಒತ್ತಿದರೆ ಹಗ್ಗ ಎದ್ದು ಕುಡಿ ಮುರಿಯುತ್ತದೆ, ಒತ್ತದಿದ್ದರೆ ಸೀರೆ ನಿಲ್ಲುತ್ತದೆ. ಅಪ್ಪ ಕತ್ತರಿ ತೆಗೆದುಕೊಂಡ.

"ಕತ್ತರಿಸಿಬಿಡ್ರಿ. ಕೆಲ್ಸ ನಿಲ್ಲಿಸಬ್ಯಾಡ್ರಿ" ಎಂದ ಅವ್ವನ ದನಿ ಸಣ್ಣಗಾಗಿತ್ತು.

ಅಷ್ಟರಲ್ಲಿ ಬಾಗಿಲ ಹಿಂದಿನಿಂದ ಅಜ್ಜಿ ನುಗ್ಗಿಬಂದಳು. ತಲೆ ಮೇಲಿನ ಸೆರಗು ಜಾರಿದ್ದೂ ಅವಳಿಗೆ ಗೊತ್ತಾಗಲಿಲ್ಲ. ಅಪ್ಪನ ಎದುರಿಗೇ ನಿಂತು, "ಆಗು ನಾಯನಾ, ಕೊಯ್ಯೊದ್ದು" ಅಂದಳು. ತಡಿಯಪ್ಪಾ, ಕೊಯ್ಯಬ್ಯಾಡ ಅಂತ. ಅಳಿಯನೊಂದಿಗೆ ಅವಳು ಆಡಿದ ಮೊದಲ ಮಾತು ಅದು.

ಅಪ್ಪ ಕತ್ತರಿ ಹಿಡಿದುಕೊಂಡೇ ಪೆಚ್ಚಾಗಿ ಕೂತ. "ಬಳ್ಳಿ ಕೊಯ್ಯಲ್ಲ ಅತ್ತೇರಿ. ಅದಕ್ಕೊಂದು ದಾರಿ ಕಟ್ಟೋಣ ಅಂತ ನೂಲು ಕತ್ತರಿಸೋಕೆ ಹೊರಟಿದ್ದೆ."

ಅಜ್ಜಿಗೆ ತಾನು ನಿಂತಿರುವುದು ಎಲ್ಲಿ ಎಂದು ಆಗ ಅರಿವಾಯಿತು. ಸೆರಗು ಎಳೆದುಕೊಳ್ಳಲು ಹೋಗಿ, ಕೈ ಅರ್ಧಕ್ಕೇ ಬಿಟ್ಟು ನಕ್ಕಳು. ಅವ್ವ ನಕ್ಕಳು, ಅಪ್ಪನೂ ನಕ್ಕ. ಆಮೇಲೆ ಅಜ್ಜಿಯೇ ಸ್ಟೂಲು ಹತ್ತಿ, ಮಗುವಿನ ಮುಷ್ಟಿ ಬಿಡಿಸುವಂತೆ ಕುಡಿಯನ್ನು ಹಗ್ಗದಿಂದ ಬಿಡಿಸಿದಳು. ಅಪ್ಪ ಮಿಕ್ಕ ರೇಷ್ಮೆ ನೂಲನ್ನು ಹೊಸೆದು ಕಂಬದಿಂದ ಕಿಟಕಿಗೆ ಕಟ್ಟಿದ. "ಇಂಕಾ ಕೊಂಚೆಂ ಮೇಲಕ್ಕೆ... ಆಂ, ಅಲ್ಲೇ" ಎಂದು ಎರಡು ಭಾಷೆಯಲ್ಲೂ ಅಜ್ಜಿಯ ಆಜ್ಞೆ. ನನ್ನ ಓಡಾಟದ ಕೆಲಸ ಅಲ್ಲಿಗೆ ಮುಗಿಯಿತು. ಇಬ್ಬರೂ ಅದೆಷ್ಟು ದಿನದಿಂದ ಮಾತು ಕಟ್ಟಿಟ್ಟುಕೊಂಡಿದ್ದರೋ, ಅಪ್ಪ ನೇಯುವಷ್ಟು ಹೊತ್ತೂ ಅಜ್ಜಿ ಗುಣಿಯ ಪಕ್ಕ ಕೂತು ರಾಯದುರ್ಗದ ಕಥೆ ಹೇಳುತ್ತಿದ್ದಳು.

ಶ್ರಾವಣದ ಮೊದಲ ಸೋಮವಾರ ಎಲೆ ಕಿತ್ತರು. ಅಜ್ಜಿ ಅಡಿಕೆಯೊಡನೆ ಕುಟ್ಟಿ ಬಾಯಿಗೆ ಹಾಕಿಕೊಂಡಳು. ನಾವೆಲ್ಲ ಅವಳ ಬಾಯನ್ನೇ ನೋಡುತ್ತ ಕೂತೆವು. ಅವಳು ಕಣ್ಣು ಮುಚ್ಚಿ, ನಿಧಾನಕ್ಕೆ ತೆರೆದು, "ಇದಪ್ಪಾ ಎಲೆ ಅಂದ್ರೆ" ಅಂದಳು. ಎಂದೂ ಎಲೆ ಹಾಕದ ಅಪ್ಪನಿಗೂ ಒಂದು ಮಡಿಸಿ ಕೊಟ್ಟಳು. ಸುಣ್ಣ ಹೆಚ್ಚಾಗಿ ಅವನ ನಾಲಿಗೆ ಸುಟ್ಟಿತು. ಅತ್ತೆಯ ಮುಂದೆ ಉಗುಳಲಾಗದೆ ಕಣ್ಣಲ್ಲಿ ನೀರು ತುಂಬಿಕೊಂಡು "ಚೆನ್ನಾಗೈತೆ" ಅಂದ. ಸಂಜೆಯವರೆಗೆ ಕೆಂಪು ಬಾಯಲ್ಲೇ ನೇಯ್ದ. ನಾವು ಕದ್ದು ತಿಂದು ಒಬ್ಬರಿಗೊಬ್ಬರು ನಾಲಿಗೆ ತೋರಿಸುತ್ತ ಬೀದಿ ಸುತ್ತಿದೆವು. ಆ ಗೌರಿ ಹಬ್ಬಕ್ಕೆ ಬೀದಿಯ ಎಲ್ಲ ಮನೆಯ ತಾಂಬೂಲದ ತಟ್ಟೆಗೂ ನಮ್ಮನೆ ಎಲೆಯೇ ಹೋಯಿತು. ಹಬ್ಬ ಮುಗಿಸಿಕೊಂಡು ಅಜ್ಜಿ ಬಸ್ ಹತ್ತಿದಳು.

ಎಷ್ಟೋ ವರ್ಷದ ಮೇಲೆ ಅಪ್ಪನ ಮಂಡಿ ಸೋತು ಮಗ್ಗ ನಿಂತಿತು. ಗುಣಿ ಮುಚ್ಚಿ ಟೈಲ್ಸ್ ಹಾಕಿಸಿದರು. ಆ ಕೋಣೆಯಲ್ಲಿ ಕೂರುವವರೇ ಇಲ್ಲವಾದರು. ಡಬ್ಬಿಗೆ ಅವ್ವ ಮೊದಲಿಗಿಂತ ಹೆಚ್ಚೇ ನೀರು ಹಾಕಿದಳು, ಆದರೂ ಒಂದೇ ಬೇಸಿಗೆಯಲ್ಲಿ ಬಳ್ಳಿ ಹೋಯಿತು. ಈಗ ಚಳ್ಳಕೆರೆಯಲ್ಲಿ ಕೆಲಸದಲ್ಲಿರುವ ನಾನೂ ನರ್ಸರಿಯಿಂದ ಎಲೆಬಳ್ಳಿ ತರುತ್ತೇನೆ. ಗೊಬ್ಬರ, ಸ್ಪ್ರೇ, ನೆರಳಿಗೆ ಹಸಿರು ಬಲೆ ಎಲ್ಲ ಉಂಟು, ಆದರೆ ಒಂದೂ ಉಳಿದಿಲ್ಲ. ಮೊನ್ನೆ ತಮ್ಮನ ಜೊತೆ ಬಂದ ಅಪ್ಪ ಒಣಗಿದ ಕುಂಡದ ಮುಂದೆ ಕೂತು ಮಣ್ಣು ಕೆದಕಿ ನೋಡಿದ. ಏನು ತಪ್ಪಾಯಿತಪ್ಪಾ ಎಂದು ಕೇಳಿದೆ.

"ಏನೂ ತಪ್ಪಿಲ್ಲಮ್ಮ" ಅಂದ. "ದಿನಾ ಬೀಗ ಹಾಕ್ಕೊಂಡು ಹೋಗೋ ಮನೇಲಿ, ಪಾಪ, ಅದು ಯಾರನ್ನ ನೋಡಿ ಹಬ್ಬಬೇಕು?"