ಕಾರ್ಕಿನಲ್ಲೊಂದು ಬಾಡಿಗೆ ಮನೆ

ದ್ರಾಕ್ಷಿ ಚಪ್ಪರದ ಕೆಳಗೆ ಎಲೆ ಕೀಳುತ್ತಿದ್ದಾಗ ಜೇಬಿನ ಫೋನು ಟಿಣ್ ಎಂದಿತು. ಐರ್ಲೆಂಡಿನ ಕಾರ್ಕ್ ನಗರದಲ್ಲಿ ಬಿರುಗಾಳಿ, ಶಾಲೆಗಳಿಗೆ ರಜೆ. ತಮಿಳುನಾಡಿನ ಕಂಬಂ ಕಣಿವೆಯ ಬಿಸಿಲಲ್ಲಿ ಬೆವರುತ್ತ ನಿಂತವನು ಜಯಂತಿಯ ಕಾರ್ಕಿನ ನಂಬರು ಒತ್ತಲು ಹೋದೆ. ಆಮೇಲೆ ನೆನಪಾಯಿತು: ಅವಳು ಈಗ ಅಲ್ಲಿಲ್ಲವಲ್ಲ, ಇಲ್ಲೇ ಕೊಂಬೈಯ ನಮ್ಮ ಮನೆಯಲ್ಲೇ ಇದ್ದಾಳೆ.

ಜಯಂತಿ ನನ್ನ ಹೆಂಡತಿ. ದಿಂಡಿಗಲ್ಲಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದವಳು ಕೆಲಸ ಸಿಕ್ಕಿ ಕಾರ್ಕಿಗೆ ಹೋದಳು. ಅಲ್ಲೊಂದು ಬಾಡಿಗೆ ಮನೆ ಹಿಡಿದ ಕೂಡಲೇ ನಾನೂ ಮಗಳು ದಿವ್ಯಾಳೂ ಹೋಗಿ ಸೇರುವುದೆಂದು ಮಾತಾಗಿತ್ತು. ಅವಳು ಗೆಳತಿಯೊಬ್ಬಳ ಜೊತೆ ಒಂದೇ ಕೋಣೆಯಲ್ಲಿದ್ದಳು; ಮನೆಯೇ ಸಿಗಲೊಲ್ಲದು. ಅಷ್ಟೊಂದು ಕೆಲಸವಿರುವ ದೇಶದಲ್ಲಿ ಇರಲು ಮನೆ ಏಕಿಲ್ಲವೆಂದು ತಿಳಿಯಲು ಅಲ್ಲಿನ ಪತ್ರಿಕೆಗಳನ್ನು ಫೋನಿನಲ್ಲಿ ಓದತೊಡಗಿದೆ. ನಮ್ಮ ಪಂಚಾಯಿತಿಯಲ್ಲಿ ಏನು ನಡೆದಿದೆಯೋ ಗೊತ್ತಿಲ್ಲ; ಡಬ್ಲಿನ್ನಿನ ಬಜೆಟ್ಟು, ಬಡ್ಡಿ ದರ, ಅಮೆರಿಕದ ಕಂಪನಿಗಳು ಅಲ್ಲಿ ಕಟ್ಟುವ ತೆರಿಗೆ, ಎಲ್ಲ ಬಾಯಿಪಾಠ. ಹೆಂಡತಿಯ ಮುಖ ನೋಡಬೇಕೆನಿಸಿದಾಗ ಬೇರೇನು ಮಾಡಲಿ, ನೀವೇ ಹೇಳಿ.

ಟೀ ಅಂಗಡಿಯಲ್ಲಿ ನನಗೆ ಮಂತ್ರಿ ಎಂದೇ ಹೆಸರು ಬಿತ್ತು.

"ಏನಪ್ಪ ಮಂತ್ರಿ, ನಿನ್ ಅಯರ್ಲಾಂದು ಎಂಗದೆ?" ಎಂದು ಅಂಗಡಿಯವರು ಕೇಳುವರು.

"ದುಡ್ಡಿಗೇನ್ ಕೊರತೆಯಿಲ್ಲಣ್ಣ. ಮನೆ ಕಟ್ಟಕ್ಕೆ ಆಳಿಲ್ಲ," ಎಂದು ನಾನೂ ಗಂಭೀರವಾಗಿಯೇ ಉತ್ತರ ಕೊಡುವೆ.

ಕಡೆಗೊಂದು ಮನೆ ಸಿಕ್ಕಿತು. ವೀಸಾ ಬಂತು. ದಿಂಡಿಗಲ್ಲಿಗೆ ಹೋಗಿ ದಿವ್ಯಾಳಿಗೆ ದಪ್ಪ ಸ್ವೆಟರು ತಂದೆವು; ಅಂಗಡಿಯವನು ಕೊಡೈಕಾನಲ್ಲಿಗಾ ಎಂದು ಕೇಳಿದ. ಹೊರಡಲು ಸ್ವಲ್ಪವೇ ದಿನವಿರುವಾಗ ಜಯಂತಿಯ ಫೋನು ಬಂತು.

"ಮಾಮ, ಓನರು ಮನೆ ಮಾರ್ತಾನಂತೆ. ನಮ್ಗೆ ಕೊಡಲ್ವಂತೆ."

ಅಲ್ಲಿನ ಮಾಲೀಕರು ಹೀಗೆ ಬಾಡಿಗೆ ಮನೆಗಳನ್ನು ಮಾರಿಬಿಡುವ ಸುದ್ದಿಯನ್ನು ತಿಂಗಳುಗಟ್ಟಲೆ ಓದಿದ್ದೆ, ಊರಿಗೆಲ್ಲ ವಿವರಿಸಿದ್ದೆ. ಅವಳಿಗೂ ಅದನ್ನೇ ವಿವರಿಸತೊಡಗಿದೆ. ದಿವ್ಯಾ ಫೋನು ಕಸಿದುಕೊಂಡಳು. ಅವಳಿಗೆ ನಮ್ಮ ಮನೆಮಾತು ಅರ್ಥವಾಗುತ್ತದೆ, ನಾಲಿಗೆಗೆ ಬರುವುದು ತಮಿಳೇ. ಅವತ್ತು ಮಾತ್ರ ತಡವರಿಸುತ್ತ ಕನ್ನಡದಲ್ಲೇ ಹೇಳಿದಳು:

"ಅಮ್ಮಾ, ನೀನೇ ಬಂದ್ಬುಡು."

ಆ ಕಡೆಯಿಂದ, "ಬತ್ತೀನಿ ಕಣ್ಣು," ಎಂದು ಮಗಳಿಗೆ ಮುದ್ದಿನಿಂದ ಹೇಳಿದ್ದಷ್ಟೇ ಕೇಳಿಸಿತು.

ಬಂದಳು. ಈಗ ಕಂಬಂನ ಆಸ್ಪತ್ರೆಯಲ್ಲಿ ಕೆಲಸ.

ಇವತ್ತು ತೋಟದಿಂದ ಬಂದವನೇ ಬಿರುಗಾಳಿಯ ಸುದ್ದಿ ಹೇಳಿದೆ. ಅವಳು ಕೈಯಲ್ಲಿದ್ದ ಪಾತ್ರೆ ಬಿಟ್ಟು ಕಾರ್ಕಿನ ಗೆಳತಿಗೆ ಫೋನು ಮಾಡಿದಳು. ಜಯಂತಿಯ ಇಂಗ್ಲಿಷಿನಲ್ಲಿ ನಾನೆಂದೂ ಕೇಳದ ರಾಗವೊಂದಿತ್ತು. ನದಿ ಉಕ್ಕಿತಾ, ಪಕ್ಕದ ಮನೆ ಮುದುಕಿಯ ಬೆಕ್ಕು ಒಳಗಿದೆಯಾ ಎಂದೆಲ್ಲ ವಿಚಾರಿಸಿ, ಯಾವುದಕ್ಕೋ ಜೋರಾಗಿ ನಕ್ಕಳು. ಇಂಥದ್ದನ್ನು ಯಾವ ಪತ್ರಿಕೆಯೂ ನನಗೆ ಹೇಳಿರಲಿಲ್ಲ. ಫೋನಿಟ್ಟು ಜಗಲಿಯ ಮೇಲೆ ಕೂತಳು.

"ನೀನು ಆ ನದಿ ನೋಡ್ಬೇಕಿತ್ತು ಮಾಮ."

ಅಷ್ಟು ಕಾಲ ಆ ದೇಶದಿಂದ ನನಗೆ ಬೇಕಾಗಿದ್ದುದು ಇವಳೊಬ್ಬಳೇ. ಇವಳು ಕೈಗೆಟುಕುವಷ್ಟು ಹತ್ತಿರ ಕೂತಿರುವಾಗ, ಮೊದಲ ಸಲ, ನನಗೆ ಆ ಊರೂ ಬೇಕೆನಿಸಿತು.